ಇಷ್ಟು ದುಡ್ಡು ಸುರಿದೂ ಮೆಟ್ಸ್ ಯಾಕೆ ಹೀಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡವನ್ನು ಹಚ್ಚಿಕೊಂಡವರೂ, ಅವರ ಗೋಳು ಕೇಳಿ ಕೇಳಿ ಸಾಕಾದ ಮನೆಯವರೂ ಕೇಳುವ ಪ್ರಶ್ನೆಗಳಿವು. ಮೊತ್ತಗಳೆಲ್ಲ ಡಾಲರ್‌ನಲ್ಲಿವೆ, ಓದಲು ಸುಲಭವಾಗಲೆಂದು ಲಕ್ಷ–ಕೋಟಿಯಲ್ಲಿ ಬರೆದಿದ್ದೇವೆ. ಲೆಕ್ಕ 2025ರ ಸೀಸನ್ ಮುಗಿಯುವವರೆಗಿನದು.

ಅಷ್ಟೊಂದು ಬೈಯುವಂಥದ್ದು ಏನಾಗಿದೆ?

ನಾಲ್ಕು ವರ್ಷದ ಸೋಲು–ಗೆಲುವು ನೋಡಿ. 2022ರಲ್ಲಿ 101 ಗೆಲುವು, 61 ಸೋಲು. 2023ರಲ್ಲಿ 75–87. 2024ರಲ್ಲಿ 89–73. 2025ರಲ್ಲಿ 83–79. ಇದು ಮಧ್ಯಮ ದರ್ಜೆಯ ಯಾವುದೋ ಊರಿನ ತಂಡವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ 2023ರಲ್ಲಿ ಮೆಟ್ಸ್‌ನ ಸಂಬಳಪಟ್ಟಿ, ಮುಂದಿನ ಪ್ರಶ್ನೆಯಲ್ಲಿ ಹೇಳುವ ತೆರಿಗೆಗೆ ಲೆಕ್ಕ ಹಾಕುವ ರೀತಿಯಲ್ಲಿ, ಸುಮಾರು 37 ಕೋಟಿ ಡಾಲರ್ ಇತ್ತು. ಅಲ್ಲಿಯವರೆಗೆ ಬೇಸ್‌ಬಾಲ್ ಅಷ್ಟು ದೊಡ್ಡ ಮೊತ್ತ ಕಂಡಿರಲಿಲ್ಲ. 75 ಗೆಲುವಿನಿಂದ ಭಾಗಿಸಿದರೆ ಒಂದು ಗೆಲುವಿಗೆ ಹತ್ತಿರ ಹತ್ತಿರ 50 ಲಕ್ಷ ಡಾಲರ್ ಬಿತ್ತು. ಅದರ ಮೇಲೆ 10 ಕೋಟಿ ದಾಟಿದ ತೆರಿಗೆ ಬೇರೆ. ಅದೇ ವರ್ಷ ಬಾಲ್ಟಿಮೋರ್ ಓರಿಯೋಲ್ಸ್, ಲೀಗ್‌ನ ಅತಿ ಸಣ್ಣ ಸಂಬಳಪಟ್ಟಿಗಳಲ್ಲಿ ಒಂದನ್ನು ಇಟ್ಟುಕೊಂಡು 101 ಪಂದ್ಯ ಗೆದ್ದಿತು.

ಸೋಲಿಗಿಂತ ಹೆಚ್ಚಾಗಿ ಉರಿಯುವುದು ಕೊಟ್ಟ ಮಾತು. ಸ್ಟೀವ್ ಕೋಹೆನ್ 2020ರ ನವೆಂಬರ್‌ನಲ್ಲಿ ಸುಮಾರು 240 ಕೋಟಿಗೆ ತಂಡ ಕೊಂಡಾಗ, ಮೂರರಿಂದ ಐದು ವರ್ಷದಲ್ಲಿ ವರ್ಲ್ಡ್ ಸೀರೀಸ್ (ಇಡೀ ಲೀಗ್‌ನ ಚಾಂಪಿಯನ್ ಪಟ್ಟದ ಫೈನಲ್ ಸರಣಿ) ಗೆಲ್ಲದಿದ್ದರೆ ತನಗೆ ನಿರಾಸೆಯಾಗುತ್ತದೆ ಎಂದಿದ್ದರು. ಐದು ವರ್ಷ ಕಳೆಯಿತು. ಮೆಟ್ಸ್ ಕೊನೆಯ ಸಲ ಗೆದ್ದದ್ದು 1986ರಲ್ಲಿ.

ಲಕ್ಷುರಿ ಟ್ಯಾಕ್ಸ್ ಅಂದರೇನು? ಲೆಕ್ಕ ಹಾಕುವುದು ಹೇಗೆ?

ಇಂತಿಷ್ಟೇ ಖರ್ಚು ಮಾಡಬೇಕೆಂಬ ಮಿತಿ ಬೇಸ್‌ಬಾಲ್‌ನಲ್ಲಿ ಇಲ್ಲ. ಗೆರೆಗಳಿವೆ, ದಾಟಿದರೆ ದಂಡ. 2023ರಲ್ಲಿ ಗೆರೆಗಳು 23.3, 25.3, 27.3 ಮತ್ತು 29.3 ಕೋಟಿ. ಆ ಕಡೆಯ ಗೆರೆಗೆ ಜನ ಇಟ್ಟ ಹೆಸರೇ ಕೋಹೆನ್ ಟ್ಯಾಕ್ಸ್.

ಮೊದಲು ಒಪ್ಪಂದದ ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿ. ಆ ವರ್ಷ ಕೈಗೆ ಎಷ್ಟು ಕೊಟ್ಟರು ಎಂಬುದು ಲೆಕ್ಕಕ್ಕಿಲ್ಲ, ಸರಾಸರಿಯೇ ಲೆಕ್ಕ. ಮೆಟ್ಸ್ ಆಟಗಾರ ಫ್ರಾನ್ಸಿಸ್ಕೊ ಲಿಂಡೋರ್‌ನ 10 ವರ್ಷದ 34.1 ಕೋಟಿ ಒಪ್ಪಂದ ಅಂದರೆ ಸರಾಸರಿ ವರ್ಷಕ್ಕೆ 3.41 ಕೋಟಿ. ನಲವತ್ತು ಜನರ ಪಟ್ಟಿಯಲ್ಲಿರುವ ಎಲ್ಲರದ್ದೂ ಹೀಗೆ ಕೂಡಿಸಿ. ಆಟಗಾರರ ವಿಮೆ, ಪಿಂಚಣಿ ಮುಂತಾದ ಸೌಲಭ್ಯಗಳಿಗೆ ತಂಡದ ಪಾಲನ್ನೂ ಸೇರಿಸಿ. ತುಂಬ ಜನ ಇದನ್ನು ಮರೆತು, ನಮ್ಮ ಲೆಕ್ಕಕ್ಕೂ ಪತ್ರಿಕೆಯ ಲೆಕ್ಕಕ್ಕೂ ಯಾಕೆ ಇಷ್ಟು ವ್ಯತ್ಯಾಸ ಎಂದು ಕೇಳುತ್ತಾರೆ. ಬೇರೆ ತಂಡಕ್ಕೆ ಕಳಿಸಿದ ಆಟಗಾರನ ಸಂಬಳದಲ್ಲಿ ನೀವು ಕೊಡಲು ಒಪ್ಪಿದ ಭಾಗವೂ ನಿಮ್ಮ ತಲೆಯ ಮೇಲೇ.

ಉದಾಹರಣೆಗೆ, ಸತತ ಎರಡನೇ ವರ್ಷ ಗೆರೆ ದಾಟಿದ ತಂಡವೊಂದರ ಮೊತ್ತ 35.3 ಕೋಟಿ ಎಂದುಕೊಳ್ಳಿ. ಮೊದಲ ಗೆರೆಯ ಮೇಲಿನ 2 ಕೋಟಿಗೆ ಶೇ 30, ಅಂದರೆ 60 ಲಕ್ಷ. ಮುಂದಿನ 2 ಕೋಟಿಗೆ ಶೇ 42, 84 ಲಕ್ಷ. ಅದರ ಮುಂದಿನ 2 ಕೋಟಿಗೆ ಶೇ 75, ಒಂದೂವರೆ ಕೋಟಿ. ಉಳಿದ 6 ಕೋಟಿಗೆ ಶೇ 90, 5.4 ಕೋಟಿ. ಒಟ್ಟು 8.34 ಕೋಟಿ ದಂಡ. ಮೂರನೇ ವರ್ಷದಿಂದ ಕಡೆಯ ಮೆಟ್ಟಿಲಿನ ದರ ಶೇ 110. ಆಮೇಲೆ ಒಂದು ಡಾಲರ್‌ನ ಆಟಗಾರ ಮಾಲೀಕನಿಗೆ ಬೀಳುವುದು 2 ಡಾಲರ್ 10 ಸೆಂಟ್‌ಗೆ.

ಮೊದಲ ಗೆರೆಗಿಂತ 4 ಕೋಟಿ ಮೇಲೆ ಹೋದರೆ ಇನ್ನೊಂದು ಏಟು. ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಮುಂದಿನ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಸಾಮಾನ್ಯವಾಗಿ ಹತ್ತು ಸ್ಥಾನ ಹಿಂದಕ್ಕೆ ಹೋಗುತ್ತದೆ. ಕೋಹೆನ್‌ಗೆ ದುಡ್ಡು ಲೆಕ್ಕಕ್ಕಿಲ್ಲದಿರಬಹುದು, ಈ ಹತ್ತು ಸ್ಥಾನ ಮಾತ್ರ ದುಡ್ಡು ಕೊಟ್ಟರೂ ವಾಪಸ್ ಸಿಗುವುದಿಲ್ಲ. ಒಂದು ವರ್ಷ ಮೊದಲ ಗೆರೆಯ ಕೆಳಗೆ ಇಳಿದರೆ ದರ ಮತ್ತೆ ಮೊದಲಿನಿಂದ ಶುರು. ಮೆಟ್ಸ್ ಇಳಿದಿಲ್ಲ. 2023ರಿಂದ 2025ರವರೆಗೆ ಮೂರೇ ವರ್ಷದಲ್ಲಿ ಕಟ್ಟಿದ ದಂಡ 28 ಕೋಟಿಗೂ ಹೆಚ್ಚು.

2023ರಲ್ಲಿ ನಿಜಕ್ಕೂ ಏನು ಕೆಟ್ಟಿತು?

ಆ ಚಳಿಗಾಲದ ಖರೀದಿ ಪಟ್ಟಿ ಓದಿದರೆ ಮದುವೆ ಜವಳಿ ಚೀಟಿಯ ಹಾಗಿದೆ. ಪಿಚರ್ (ಚೆಂಡು ಎಸೆಯುವವನು) ಜಸ್ಟಿನ್ ವರ್‌ಲ್ಯಾಂಡರ್‌ಗೆ ಎರಡು ವರ್ಷಕ್ಕೆ ಸುಮಾರು 8.67 ಕೋಟಿ. ಬ್ರ್ಯಾಂಡನ್ ನಿಮ್ಮೊಗೆ ಎಂಟು ವರ್ಷಕ್ಕೆ 16.2 ಕೋಟಿ. ಕೊನೆಯ, ಅಂದರೆ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಎಸೆದು ಗೆಲುವು ಉಳಿಸುವ ಕ್ಲೋಸರ್ ಎಡ್ವಿನ್ ಡಿಯಾಸ್‌ಗೆ ಐದು ವರ್ಷಕ್ಕೆ 10.2 ಕೋಟಿ. ಜಪಾನಿನಿಂದ ಪಿಚರ್ ಕೊಡಾಯ್ ಸೆಂಗಾ, ಐದು ವರ್ಷಕ್ಕೆ 7.5 ಕೋಟಿ. ಪಿಚರ್ ಮ್ಯಾಕ್ಸ್ ಶರ್ಜರ್ ಹಿಂದಿನ ವರ್ಷವೇ ಬಂದಾಗಿತ್ತು, ಮೂರು ವರ್ಷಕ್ಕೆ 13 ಕೋಟಿ. ಕಾರ್ಲೋಸ್ ಕೊರೆಯಾ ಜತೆ 12 ವರ್ಷಕ್ಕೆ 31.5 ಕೋಟಿಯ ಮಾತೂ ಆಗಿತ್ತು, ಕಾಲಿನ ವೈದ್ಯಕೀಯ ತಪಾಸಣೆಯಲ್ಲಿ ಮುರಿದುಬಿತ್ತು.

ಸೀಸನ್ ಶುರುವಾಗುವ ಮುಂಚೆಯೇ, ಮಾರ್ಚ್ 15ರಂದು, ದೇಶ ದೇಶಗಳ ತಂಡಗಳು ಆಡುವ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ತನ್ನ ತಂಡ ಪೋರ್ಟೊ ರಿಕೊ ಗೆದ್ದ ಖುಷಿಗೆ ಆಟಗಾರರು ಗುಂಪುಗೂಡಿ ಕುಣಿಯುತ್ತಿದ್ದಾಗ ಡಿಯಾಸ್ ಕುಸಿದ. ಮಂಡಿಚಿಪ್ಪಿನ ಸ್ನಾಯುರಜ್ಜು ಹರಿದಿತ್ತು. ಚೆಂಡು ಎಸೆಯುವಾಗ ಅಲ್ಲ, ಓಡುವಾಗಲೂ ಅಲ್ಲ, ಕುಣಿಯುವಾಗ. ಆ ಸೀಸನ್‌ನಲ್ಲಿ ಮೆಟ್ಸ್‌ಗೆ ಒಂದು ಚೆಂಡನ್ನೂ ಅವನು ಹಾಕಲಿಲ್ಲ. ಕ್ಲೋಸರ್ ಹೋದರೆ ಬುಲ್‌ಪೆನ್ನಿನ, ಅಂದರೆ ನಡುವೆ ಬಂದು ಎಸೆಯುವ ಬದಲಿ ಪಿಚರ್‌ಗಳ ಪಡೆಯ, ಎಲ್ಲರೂ ಒಂದೊಂದು ಮೆಟ್ಟಿಲು ಮೇಲೆ ಹತ್ತಬೇಕು. ಏಳನೇ ಇನ್ನಿಂಗ್ಸಿನವನು ಎಂಟಕ್ಕೆ, ಎಂಟನೆಯದರವನು ಒಂಬತ್ತಕ್ಕೆ. ಒಬ್ಬನ ಗಾಯ ನಾಲ್ವರ ಕೆಲಸ ಕೆಡಿಸುವುದು ಹೀಗೆ.

ವರ್‌ಲ್ಯಾಂಡರ್ ಗಾಯದಿಂದಾಗಿ ಮೇ ತಿಂಗಳವರೆಗೆ ಬರಲಿಲ್ಲ. ಶರ್ಜರ್‌ಗೆ ಏಪ್ರಿಲ್‌ನಲ್ಲಿ ಕೈಗೆ ಅಂಟುಪದಾರ್ಥ ಹಚ್ಚಬಾರದೆಂಬ ನಿಯಮದಡಿ ಹತ್ತು ಪಂದ್ಯದ ನಿಷೇಧ. ಜೂನ್‌ನಲ್ಲಿ ತಂಡ ಗೆದ್ದದ್ದು 7, ಸೋತದ್ದು 19. ಜುಲೈ ಕೊನೆ, ಆಗಸ್ಟ್ ಶುರುವಿನಲ್ಲಿ ಅಂಗಡಿ ಖಾಲಿ ಮಾಡಿದರು. ಶರ್ಜರ್ ಟೆಕ್ಸಾಸ್ ರೇಂಜರ್ಸ್‌ಗೆ, ವರ್‌ಲ್ಯಾಂಡರ್ ಹ್ಯೂಸ್ಟನ್ ಆಸ್ಟ್ರೋಸ್‌ಗೆ. ಅವರ ಸಂಬಳದ ದೊಡ್ಡ ಪಾಲನ್ನು ಮೆಟ್ಸ್ ತಾವೇ ಕೊಡಲು ಒಪ್ಪಿ, ಬದಲಿಗೆ ಒಳ್ಳೆಯ ಎಳೆಯ ಆಟಗಾರರನ್ನು ಪಡೆದರು. ಆ ವರ್ಷ ವರ್ಲ್ಡ್ ಸೀರೀಸ್ ಗೆದ್ದದ್ದು ರೇಂಜರ್ಸ್. ಉರಿಯುವ ಗಾಯಕ್ಕೆ ಉಪ್ಪು.

ದುಡ್ಡು ಕೊಟ್ಟರೆ ಒಳ್ಳೆ ಆಟಗಾರ ಬರುತ್ತಾನೆ, ಒಳ್ಳೆ ಆಟಗಾರ ಬಂದರೆ ಗೆಲುವು. ಇದರಲ್ಲಿ ತಪ್ಪೇನು?

ಹಣ ಅಂದರೆ ಹೆಣವೂ ಬಾಯಿ ಬಿಡುತ್ತದೆ ನಿಜ. ಆದರೆ ಬೇಸ್‌ಬಾಲ್‌ನ ಮಾರುಕಟ್ಟೆಗೆ ಒಳ್ಳೆ ಸರಕು ಬರುವುದೇ ತಡವಾಗಿ.

ಆಟಗಾರನೊಬ್ಬ ಮೇಜರ್ ಲೀಗ್‌ಗೆ ಬಂದ ಮೇಲೆ ಆರು ವರ್ಷ ಸೇವೆ ಮುಗಿಸುವವರೆಗೆ ತನ್ನ ತಂಡದ ಹಿಡಿತದಲ್ಲೇ ಇರುತ್ತಾನೆ. ಸೀಸನ್‌ನಲ್ಲಿ 172 ದಿನ ಪಟ್ಟಿಯಲ್ಲಿದ್ದರೆ ಒಂದು ವರ್ಷ ಸೇವೆ. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸು, 2025ರಲ್ಲಿ ಅದು 7.6 ಲಕ್ಷ ಡಾಲರ್. ಮುಂದಿನ ಮೂರು ವರ್ಷ ಮಧ್ಯಸ್ಥಿಕೆಯಲ್ಲಿ (ಮಾತು ಹೊಂದದಿದ್ದರೆ ಮೂರನೆಯವರು ಸಂಬಳ ತೀರ್ಮಾನಿಸುವ ಕ್ರಮ) ನಿಧಾನವಾಗಿ ಏರುತ್ತದೆ. ಆಮೇಲೆ ಫ್ರೀ ಏಜೆಂಟ್, ಯಾವ ತಂಡಕ್ಕಾದರೂ ಹೋಗಬಹುದು. ಇಪ್ಪತ್ತಮೂರು–ಇಪ್ಪತ್ತನಾಲ್ಕಕ್ಕೆ ಬಂದ ಹುಡುಗ ಸಂತೆಗೆ ಸಿಗುವ ಹೊತ್ತಿಗೆ ಮೂವತ್ತು ಹತ್ತಿರ. ಅವನ ಮೈಯಲ್ಲಿ ಕಸುವಿದ್ದ ವರ್ಷಗಳನ್ನು ಬೇರೆ ಯಾರೋ ಅಗ್ಗಕ್ಕೆ ಅನುಭವಿಸಿಯಾಗಿರುತ್ತದೆ. ನೀವು ಕೊಡುವ ಬೆಲೆ ಆ ವರ್ಷಗಳ ಹೆಸರಿನ ಮೇಲೆ, ಕೈಗೆ ಸಿಗುವುದು ಮುಂದಿನ ವರ್ಷಗಳು.

2023ರಲ್ಲಿ ವರ್‌ಲ್ಯಾಂಡರ್‌ಗೆ 40, ಶರ್ಜರ್‌ಗೆ ಆ ಜುಲೈನಲ್ಲಿ 39 ತುಂಬಿತು. ಇಬ್ಬರ ಸಂಬಳ ಕೂಡಿದರೆ ಒಂದೇ ವರ್ಷಕ್ಕೆ ಸುಮಾರು 8.67 ಕೋಟಿ. ಇಬ್ಬರೂ ಮೂರು ಮೂರು ಸೈ ಯಂಗ್ (ವರ್ಷದ ಅತ್ಯುತ್ತಮ ಪಿಚರ್) ಪ್ರಶಸ್ತಿ ಗೆದ್ದವರು, ಅದರಲ್ಲಿ ಒಂದನ್ನೂ ಮೆಟ್ಸ್ ಅಂಗಿ ತೊಟ್ಟು ಗೆದ್ದದ್ದಲ್ಲ. ಹಾಗಾಗಿ ಸಂಬಳಪಟ್ಟಿ ನೋಡುವಾಗ ಎಷ್ಟು ಎಂದು ಕೇಳುವ ಮುಂಚೆ ಯಾವ ವಯಸ್ಸಿಗೆ ಎಂದು ಕೇಳಿ. ಮೂವತ್ತೈದು ದಾಟಿದ ತೋಳುಗಳಿಗೆ ಒಟ್ಟು ಮೊತ್ತದ ಎಷ್ಟು ಪಾಲು ಹೋಗಿದೆ ಎಂದು ಪಕ್ಕದಲ್ಲಿ ಬರೆದುಕೊಂಡರೆ, ಮೇ ತಿಂಗಳಲ್ಲಿ ಆಗಬೇಕಾದ ಅರ್ಧ ಆಶ್ಚರ್ಯ ಮಾರ್ಚ್‌ನಲ್ಲೇ ಮುಗಿದಿರುತ್ತದೆ.

ಲಾಸ್ ಏಂಜಲಿಸ್ ಡಾಡ್ಜರ್ಸ್ ಕೂಡ ಹೀಗೇ ಸುರಿಯುತ್ತಾರಲ್ಲ, ಅವರು ಗೆಲ್ಲುತ್ತಾರಲ್ಲ?

ಗೆಲ್ಲುತ್ತಾರೆ, 2024 ಮತ್ತು 2025ರ ವರ್ಲ್ಡ್ ಸೀರೀಸ್ ಎರಡೂ ಅವರದೇ. ಅವರಲ್ಲಿ ತಳಮಟ್ಟದ ವ್ಯವಸ್ಥೆ ಮೊದಲಿನಿಂದ ಗಟ್ಟಿಯಾಗಿತ್ತು. ಕ್ಯಾಚರ್ ವಿಲ್ ಸ್ಮಿತ್ ಅವರೇ ಆರಿಸಿ ಬೆಳೆಸಿದವನು. ಒಬ್ಬ ಬಿದ್ದರೆ ಮೈನರ್ ಲೀಗ್‌ನಿಂದ (ಎಳೆಯರು ತಯಾರಾಗುವ ಕೆಳಹಂತದ ಲೀಗ್) ಇನ್ನೊಬ್ಬ ಬರುತ್ತಾನೆ. ದುಡ್ಡು ಅಲ್ಲಿ ತುದಿಯ ಕಳಸ. ಮೆಟ್ಸ್ 2023ರಲ್ಲಿ ಕಳಸ ಮೊದಲು ತಂದು, ಗೋಪುರ ಆಮೇಲೆ ನೋಡೋಣ ಎಂದರು. ಇನ್ನೊಂದು ಕಡೆ ನೋಡಿದರೆ, 2023ರಲ್ಲಿ ಅತಿ ಹೆಚ್ಚು ಸಂಬಳ ಕೊಟ್ಟ ಮೂರು ತಂಡಗಳಾದ ಮೆಟ್ಸ್, ಯಾಂಕೀಸ್, ಪಾಡ್ರೆಸ್ ಮೂರೂ ಪ್ಲೇಆಫ್‌ಗೆ ಹೋಗಲಿಲ್ಲ. ಮೆಟ್ಸ್ ಒಂದೇ ಅಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದದ್ದು.

2025ರಲ್ಲಿ ಸೋಟೊ ಬಂದ ಮೇಲೂ ಯಾಕೆ ಹೀಗಾಯಿತು?

2025ಕ್ಕೆ ತಂದ ಬ್ಯಾಟರ್ ಹ್ವಾನ್ ಸೋಟೊನನ್ನು ಬೈಯಬೇಡಿ. 15 ವರ್ಷಕ್ಕೆ 76.5 ಕೋಟಿ ದೊಡ್ಡ ಮೊತ್ತವೇ, ಆದರೆ ಅವನಿಗೆ ಆಗ 26 ವಯಸ್ಸು. ಮೇಲೆ ಹೇಳಿದ ವಯಸ್ಸಿನ ಲೆಕ್ಕಕ್ಕೆ ಅವನು ಅಪವಾದ. 43 ಹೋಮ್‌ರನ್ ಹೊಡೆದ, 38 ಬೇಸ್ ಕದ್ದ (ಯಾರೂ ಚೆಂಡು ಹೊಡೆಯದೆಯೇ ಓಡಿ ಮುಂದಿನ ಬೇಸ್ ಸೇರಿದ). ಬಿದ್ದದ್ದು ಪಿಚಿಂಗ್.

ಜೂನ್ 12ರ ಪಂದ್ಯ ಮುಗಿದಾಗ ಮೆಟ್ಸ್ 45–24, ಇಡೀ ಲೀಗ್‌ನಲ್ಲೇ ಮೊದಲು. ಆದರೆ ಅದೇ ಪಂದ್ಯದಲ್ಲಿ ಒಂದು ಸಣ್ಣ ಘಟನೆ ನಡೆದಿತ್ತು. ಸಾಮಾನ್ಯವಾದ ಒಂದು ನೆಲದ ಚೆಂಡನ್ನು ಫಸ್ಟ್ ಬೇಸ್‌ನ ಪೀಟ್ ಅಲಾನ್ಸೊ ಹಿಡಿದು, ಬೇಸ್ ಕಾಯಲು ಓಡಿ ಬಂದ ಸೆಂಗಾಗೆ ಎಸೆದ. ಎಸೆತ ಎತ್ತರಕ್ಕೆ ಹೋಯಿತು. ಸೆಂಗಾ ಮೇಲಕ್ಕೆ ಚಾಚಿ ಹಿಡಿದು, ಕಾಲು ಅಗಲಿಸಿ ಬೇಸ್ ಮೇಲೆ ಇಳಿದ. ಬ್ಯಾಟರ್ ಔಟ್. ಸೆಂಗಾನ ತೊಡೆಯ ಹಿಂದಿನ ಸ್ನಾಯುವೂ ಔಟ್. ಅಲ್ಲಿಂದ ಕೊನೆಯವರೆಗೆ ತಂಡದ ದಾಖಲೆ 38–55. ಸೆಂಗಾ ವಾಪಸ್ ಬಂದರೂ ಹಿಡಿತ ಸಿಗಲಿಲ್ಲ, ಸೆಪ್ಟೆಂಬರ್‌ನಲ್ಲಿ ತಾನೇ ಒಪ್ಪಿ ಮೈನರ್ ಲೀಗ್‌ಗೆ ಹೋದ.

ಚಳಿಗಾಲದಲ್ಲಿ ಸ್ಟಾರ್ಟಿಂಗ್ ಪಿಚಿಂಗ್ (ಪಂದ್ಯ ಶುರು ಮಾಡಿ ಹೆಚ್ಚು ಹೊತ್ತು ಎಸೆಯುವ ಸ್ಟಾರ್ಟರ್‌ಗಳ ಪಡೆ) ಕಟ್ಟಿದ್ದೇ ಪಣಕ್ಕಿಟ್ಟ ಹಾಗೆ. ಬುಲ್‌ಪೆನ್ನಿನ ರಿಲೀವರ್ ಆಗಿದ್ದ ಕ್ಲೇ ಹೋಮ್ಸ್‌ನನ್ನು ಸ್ಟಾರ್ಟರ್ ಮಾಡಿದರು. ಫ್ರ್ಯಾಂಕಿ ಮಾಂಟಾಸ್, ಶಾನ್ ಮನೈಯಾ ಇಬ್ಬರೂ ಗಾಯದ ಪಟ್ಟಿಯಲ್ಲೇ ಸೀಸನ್ ಶುರು ಮಾಡಿದರು. ಸ್ಟಾರ್ಟರ್ ಐದು ಇನ್ನಿಂಗ್ಸ್‌ಗೇ ಸುಸ್ತಾದರೆ ದಿನಾ ನಾಲ್ಕು ಇನ್ನಿಂಗ್ಸ್ ಬುಲ್‌ಪೆನ್ ಹೊರಬೇಕು. ಹತ್ತು ದಿನದಲ್ಲಿ ಅವರ ತೋಳೂ ಸವೆಯುತ್ತದೆ. ಆಗ ಮೈನರ್ ಲೀಗ್‌ನಿಂದ ಯಾರನ್ನೋ ಕರೆಸುವುದು, ಎರಡು ದಿನಕ್ಕೆ ವಾಪಸ್ ಕಳಿಸುವುದು. ಹೀಗೆ ಒಂದೇ ಸೀಸನ್‌ನಲ್ಲಿ 46 ಪಿಚರ್‌ಗಳನ್ನು ಬಳಸಿ ದಾಖಲೆ ಮಾಡಿದರು. ಜುಲೈ ಕೊನೆಗೆ ತಂದ ರಯಾನ್ ಹೆಲ್ಸ್‌ಲಿ ಮೆಟ್ಸ್ ಪರ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಏಳಕ್ಕೂ ಹೆಚ್ಚು ರನ್ ಕೊಟ್ಟ.

ಸೆಪ್ಟೆಂಬರ್ 28, ಕೊನೆಯ ದಿನ. ಮಯಾಮಿಯಲ್ಲಿ ಮಾರ್ಲಿನ್ಸ್ ಎದುರು 0–4 ಸೋಲು. ಕೊನೆಯ ಪ್ಲೇಆಫ್ ಜಾಗಕ್ಕೆ ಪೈಪೋಟಿಯಲ್ಲಿದ್ದ ಸಿನ್ಸಿನಾಟಿ ರೆಡ್ಸ್ ಕೂಡ ಅದೇ ದಿನ ಸೋತಿತ್ತು, ಅಂದರೆ ಮೆಟ್ಸ್ ಗೆದ್ದಿದ್ದರೆ ಸಾಕಿತ್ತು. 2007, 2008ರಲ್ಲೂ ಕೊನೆಯ ದಿನ ಇದೇ ಮಾರ್ಲಿನ್ಸ್‌ಗೆ ಸೋತು ಹೊರಬಿದ್ದದ್ದು ನೆನಪಿದ್ದವರಿಗೆ ಅವತ್ತು ಮಾತೇ ಹೊರಡಲಿಲ್ಲ. ಕೋಹೆನ್ ಸಾಮಾಜಿಕ ಜಾಲತಾಣದಲ್ಲಿ ಕ್ಷಮೆ ಕೇಳಿದರು.

ರೆಡ್ಸ್‌ಗೂ 83–79, ಮೆಟ್ಸ್‌ಗೂ 83–79. ಇನ್ನೊಂದು ಪಂದ್ಯ ಆಡಿಸಬಹುದಿತ್ತಲ್ಲ?

2022ರಿಂದ ಆ ಪದ್ಧತಿ ಇಲ್ಲ. ಸಮವಾದರೆ ಪರಸ್ಪರ ಆಡಿದ ಪಂದ್ಯಗಳನ್ನು ನೋಡುತ್ತಾರೆ. ರೆಡ್ಸ್ ಆರರಲ್ಲಿ ನಾಲ್ಕು ಗೆದ್ದಿತ್ತು. 2022ರಲ್ಲೂ ಇದೇ ಕತ್ತರಿ: ಮೆಟ್ಸ್, ಅಟ್ಲಾಂಟಾ ಬ್ರೇವ್ಸ್ ಎರಡಕ್ಕೂ 101 ಗೆಲುವು, ಆದರೆ 19 ಪಂದ್ಯಗಳಲ್ಲಿ ಬ್ರೇವ್ಸ್ 10, ಮೆಟ್ಸ್ 9. ಆ ಒಂದು ಪಂದ್ಯಕ್ಕೆ ಡಿವಿಷನ್ (ಲೀಗ್‌ನೊಳಗಿನ ಐದು ತಂಡಗಳ ಗುಂಪು) ಪಟ್ಟ ಹೋಯಿತು. ಪ್ಲೇಆಫ್‌ನ ಮೊದಲ ಸುತ್ತಾದ ವೈಲ್ಡ್ ಕಾರ್ಡ್ ಮೂರು ಪಂದ್ಯದ ಸರಣಿ ಆಡಬೇಕಾಗಿ ಬಂದು, 89 ಗೆಲುವಿನ ಪಾಡ್ರೆಸ್ ಎದುರು ಸ್ವಂತ ಮೈದಾನದಲ್ಲೇ ಸೋತರು. ಹಾಗಾಗಿ ಸೀಸನ್ ಶುರುವಿನ ಏಪ್ರಿಲ್ ಪಂದ್ಯಕ್ಕೆ ಬೆಲೆಯಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ತಂಡ ನಿಜಕ್ಕೂ ಕೆಟ್ಟದ್ದಾ, ಬರೀ ನಸೀಬು ಕೆಟ್ಟದ್ದಾ? ಹೇಗೆ ತಿಳಿಯುವುದು?

ಮನೆಯಲ್ಲೇ ಹಾಕಬಹುದಾದ ಲೆಕ್ಕವಿದೆ. ಹೊಡೆದ ರನ್‌ಗಳ ವರ್ಗವನ್ನು, ಹೊಡೆದ ರನ್‌ಗಳ ವರ್ಗ ಮತ್ತು ಕೊಟ್ಟ ರನ್‌ಗಳ ವರ್ಗ ಇವೆರಡರ ಮೊತ್ತದಿಂದ ಭಾಗಿಸಿ, 162ರಿಂದ ಗುಣಿಸಿ. 750 ಹೊಡೆದು 700 ಕೊಟ್ಟ ತಂಡಕ್ಕೆ ಸುಮಾರು 87 ಗೆಲುವು ಬರಬೇಕು. ನಿಜದ ಗೆಲುವು ಅದಕ್ಕಿಂತ ನಾಲ್ಕೈದು ಕಮ್ಮಿಯಿದ್ದರೆ ಒಂದು ರನ್‌ನ ಸೋಲುಗಳನ್ನು ನೋಡಿ, ಬುಲ್‌ಪೆನ್ ಅಥವಾ ಅದೃಷ್ಟ ಕೈಕೊಟ್ಟಿರುತ್ತದೆ. ಸರಿಯಾಗಿ ಹೊಂದಿದರೆ, ಕ್ಷಮಿಸಿ, ತಂಡವೇ ಅಷ್ಟು. ಜೂನ್ ಬರುವ ಮುಂಚೆ ಈ ಲೆಕ್ಕ ಹಾಕಬೇಡಿ. ಒಂದು ದಿನದ 15–2 ಗೆಲುವೇ ಅದನ್ನು ಅಡ್ಡಾದಿಡ್ಡಿ ಎಳೆಯುತ್ತದೆ.

ಆಡದವನನ್ನು ಮನೆಗೆ ಕಳಿಸಬಾರದಾ?

ಕಳಿಸಬಹುದು, ಸಂಬಳ ಮಾತ್ರ ಪೂರ್ತಿ ಕೊಡಬೇಕು. ಬೇಸ್‌ಬಾಲ್ ಒಪ್ಪಂದ ಗ್ಯಾರಂಟಿ. 2022ರ ಮೇನಲ್ಲಿ ರಾಬಿನ್ಸನ್ ಕನೋನನ್ನು ಬಿಟ್ಟಾಗ ಕೊಡಬೇಕಿದ್ದ ಬಾಕಿ 4 ಕೋಟಿಯ ಆಸುಪಾಸು. ಕೊಟ್ಟ ದುಡ್ಡು ಹೋಯಿತಲ್ಲ ಎಂದು ಅವನನ್ನೇ ಆಡಿಸುತ್ತ ಕೂತಿದ್ದರೆ ದುಡ್ಡಿನ ಜತೆ ಪಂದ್ಯವೂ ಹೋಗುತ್ತಿತ್ತು. ಆ ವರ್ಷ ತಂಡ 101 ಗೆದ್ದದ್ದು ಈ ಧೈರ್ಯ ಮಾಡಿದ ಮೇಲೆಯೇ.

ಪ್ರತಿ ಜುಲೈ 1ಕ್ಕೆ ಬಾಬಿ ಬೊನೀಯಾ ಹೆಸರು ಯಾಕೆ ಬರುತ್ತದೆ?

ಈ ಹಳೆಯ ಆಟಗಾರ ಮೆಟ್ಸ್‌ಗೆ ಕೊನೆಯ ಸಲ ಆಡಿದ್ದು 1999ರಲ್ಲಿ. ಕೊಡಬೇಕಿದ್ದ 59 ಲಕ್ಷವನ್ನು ಅಂದಿನ ಮಾಲೀಕರು ಶೇ 8 ಬಡ್ಡಿಗೆ ಮುಂದೂಡಿದರು. 2011ರಿಂದ 2035ರವರೆಗೆ ಪ್ರತಿ ಜುಲೈ 1ಕ್ಕೆ 11.93 ಲಕ್ಷ, ಒಟ್ಟು ಸುಮಾರು 2.98 ಕೋಟಿ. ನಗಲು ಒಳ್ಳೆ ವಿಷಯ, ಆದರೆ ಇವತ್ತಿನ ಸಂಬಳಪಟ್ಟಿಯಲ್ಲಿ ಅದು ನೂರು ರೂಪಾಯಿಗೆ ಅರ್ಧ ರೂಪಾಯಿಯೂ ಅಲ್ಲ. ಬೊನೀಯಾನಿಂದ ತಂಡ ಸೋಲುತ್ತಿಲ್ಲ.

ಮೈದಾನದಲ್ಲಿ ಬೂ ಅನ್ನುವುದು ತಪ್ಪಾ?

ಟಿಕೆಟ್ ಕೊಂಡಿದ್ದೀರಿ, ಅನ್ನಿ. 2021ರ ಆಗಸ್ಟ್‌ನಲ್ಲಿ ಹಾವಿಯರ್ ಬಾಯೆಜ್, ಲಿಂಡೋರ್ ಮುಂತಾದ ಮೆಟ್ಸ್ ಆಟಗಾರರು ಬೂ ಅಂದ ಪ್ರೇಕ್ಷಕರತ್ತ ಹೆಬ್ಬೆರಳು ಕೆಳಗೆ ಮಾಡಿ ತೋರಿಸಿ, ಆಮೇಲೆ ಕ್ಷಮೆ ಕೇಳಿದರು. ಅದೇ ಲಿಂಡೋರ್ ಇವತ್ತು ಅಲ್ಲಿನ ಜನರ ಕಣ್ಮಣಿ. ಬೂ ಅಂದವರೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಗಾಯಗೊಂಡು ಹೋಗುವವನಿಗೆ, ಮೊದಲ ವಾರದ ಹುಡುಗನಿಗೆ ಬೂ ಅನ್ನುವುದು ಮಾತ್ರ ಸಣ್ಣತನ.

ಆರ್‌ಸಿಬಿ ಅಭಿಮಾನಿಗೆ ಇದರಲ್ಲಿ ಹೊಸದೇನಿದೆ?

ನೋವು ಹೊಸದಲ್ಲ. ಪ್ರತಿ ವರ್ಷ ಈ ಸಲ ಕಪ್ ನಮ್ದೇ ಅಂದವರು 2025ರವರೆಗೆ ಕಾದರು. ಆದರೆ ಐಪಿಎಲ್‌ನಲ್ಲಿ ಹರಾಜಿನ ಚೀಲಕ್ಕೆ ಮಿತಿ ಇದೆ, 2025ರ ದೊಡ್ಡ ಹರಾಜಿಗೆ ತಂಡಕ್ಕೆ 120 ಕೋಟಿ ರೂಪಾಯಿ, ಎಲ್ಲರಿಗೂ ಒಂದೇ. ಅಲ್ಲಿ ಸೋತರೆ ಆರಿಸಿದ್ದು ಸರಿಯಿಲ್ಲ ಎನ್ನಬಹುದು. ಇಲ್ಲಿ ಚೀಲಕ್ಕೆ ತಳವೇ ಇಲ್ಲ, ಆದ್ದರಿಂದ ನೆಪವೂ ಇಲ್ಲ. ಇನ್ನೊಂದು, ಅಲ್ಲಿ 14 ಲೀಗ್ ಪಂದ್ಯ, ಇಲ್ಲಿ 162. ಅತ್ಯುತ್ತಮ ತಂಡವೂ ಹತ್ತರಲ್ಲಿ ನಾಲ್ಕು ಸೋಲುತ್ತದೆ. ಪ್ರತಿ ಸೋಲಿಗೂ ಊಟ ಬಿಟ್ಟರೆ ಆಗಸ್ಟ್‌ಗೆ ನೀವೇ ಗಾಯದ ಪಟ್ಟಿಯಲ್ಲಿರುತ್ತೀರಿ.

ಮ್ಯಾನೇಜರ್‌ನನ್ನು (ಕ್ರಿಕೆಟ್ಟಿನ ಮುಖ್ಯ ಕೋಚ್ ಇದ್ದ ಹಾಗೆ) ತೆಗೆದರೆ ಸರಿಹೋಗುತ್ತದಾ?

2023ರ ಕೊನೆಗೆ ಬಕ್ ಶೋವಾಲ್ಟರ್‌ನನ್ನು ಕಳಿಸಿ ಕಾರ್ಲೋಸ್ ಮೆಂಡೋಸಾನನ್ನು ತಂದರು. ಮೊದಲ ವರ್ಷ ವರ್ಲ್ಡ್ ಸೀರೀಸ್‌ಗೆ ಒಂದೇ ಮೆಟ್ಟಿಲು ಕೆಳಗಿನ ನ್ಯಾಷನಲ್ ಲೀಗ್ ಫೈನಲ್ ಸರಣಿ, ಎರಡನೇ ವರ್ಷ ಈ ಪಾಡು. ಮನುಷ್ಯ ಅವನೇ, ಬದಲಾದದ್ದು ಪಿಚರ್‌ಗಳ ಆರೋಗ್ಯ.

ಇಷ್ಟಾದರೂ ಪಂದ್ಯ ನೋಡಬೇಕು. ಹೇಗೆ?

ಕರ್ನಾಟಕದಲ್ಲಿದ್ದರೆ ಬೇಸಿಗೆ ಸಮಯದ ಲೆಕ್ಕ ಒಂಬತ್ತೂವರೆ ಗಂಟೆ. ನ್ಯೂಯಾರ್ಕಿನ ಸಂಜೆ 7.10ರ ಪಂದ್ಯ ನಮಗೆ ಮರುದಿನ ಬೆಳಗಿನ ಜಾವ 4.40ಕ್ಕೆ. ಮಧ್ಯಾಹ್ನ 1.10ರದ್ದು ರಾತ್ರಿ 10.40ಕ್ಕೆ. ಕೆಲಸಕ್ಕೆ ಹೋಗುವವರಿಗೆ ಮಧ್ಯಾಹ್ನದ ಪಂದ್ಯವೇ ವಾಸಿ.

ನ್ಯೂಯಾರ್ಕಿನಲ್ಲೇ ಇದ್ದರೆ ತಂಡ ಮುಳುಗುವುದು ಜೇಬಿಗೆ ಲಾಭ. ಸೆಪ್ಟೆಂಬರ್‌ನಲ್ಲಿ ಆಸೆ ಮುಗಿದ ಮೇಲೆ ವಾರದ ದಿನದ ಪಂದ್ಯಗಳ ಮರುಮಾರಾಟದ ಟಿಕೆಟ್ ಇಳಿಯುತ್ತದೆ, ಪಂದ್ಯದ ದಿನ ಮಧ್ಯಾಹ್ನದ ಮೇಲೆ ಇನ್ನಷ್ಟು. ಯಾಂಕೀಸ್ ಬರುವ ದಿನ, ಉಡುಗೊರೆ ಹಂಚುವ ದಿನ ಈ ಲೆಕ್ಕ ನಡೆಯುವುದಿಲ್ಲ. 2025ರ ಮೇ ತಿಂಗಳಿಂದ ಶುಲ್ಕ ಸೇರಿಸಿದ ಒಟ್ಟು ಬೆಲೆಯನ್ನೇ ಮೊದಲು ತೋರಿಸಬೇಕು ಎಂಬ ನಿಯಮ ಅಮೆರಿಕದಲ್ಲಿದೆ, ಹೋಲಿಸುವಾಗ ಅದನ್ನೇ ನೋಡಿ.

ಮೆಟ್ಸ್‌ನ ಮೈದಾನವಾದ ಸಿಟಿ ಫೀಲ್ಡ್‌ಗೆ 7ನೇ ನಂಬರಿನ ಸಬ್‌ವೇ, ಮೆಟ್ಸ್–ವಿಲೆಟ್ಸ್ ಪಾಯಿಂಟ್ ನಿಲ್ದಾಣ. ಪಂದ್ಯ ಬಿಟ್ಟ ಮೇಲೆ ಮ್ಯಾನ್‌ಹ್ಯಾಟನ್ ಕಡೆಯ ಪ್ಲಾಟ್‌ಫಾರ್ಮ್ ತುಂಬಿ ತುಳುಕುತ್ತದೆ. ಎದುರು ದಿಕ್ಕಿನಲ್ಲಿ ಒಂದೇ ನಿಲ್ದಾಣ ಹೋದರೆ ಫ್ಲಶಿಂಗ್ ಮೇನ್ ಸ್ಟ್ರೀಟ್. ಅಲ್ಲಿಂದ ಅರ್ಧ ಗಂಟೆಯೊಳಗಿನ ನಡಿಗೆಗೆ ಬೌನ್ ಸ್ಟ್ರೀಟಿನ ಗಣೇಶ ದೇವಸ್ಥಾನ, ಅದರ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆ. ಮಧ್ಯಾಹ್ನದ ಪಂದ್ಯಕ್ಕೆ ಹೋದರೆ ಮಾತ್ರ ಇದು ಕೂಡಿಬರುತ್ತದೆ. ಪಂದ್ಯ ಹೆಚ್ಚುವರಿ ಇನ್ನಿಂಗ್ಸ್‌ಗೆ ಎಳೆದರೆ ಕ್ಯಾಂಟೀನ್ ಮುಚ್ಚುವ ಹೊತ್ತು ನೋಡಿಕೊಂಡು ಮುಂಚೆಯೇ ಏಳಿ.